ಕ್ರೋನೆಕ್ ಗೋಡೆಯ ಕೆಳಗೆ ಆಡಿದ ಮಾತು

ಕಿರಿಮಗನ ಮುಖ ಹೇಗಿತ್ತೆಂದು ಡ್ಯೂಕ್ ಓಟ್ಮಾರನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಸೇವಕ ಕೈಗೆ ಬಿಸಿನೀರು ಹುಯ್ಯುತ್ತಿದ್ದ, ಕಿಟಕಿಯಾಚೆ ಅಂಗಳದಲ್ಲಿ ಮಧ್ಯಾಹ್ನದ ಊಟಕ್ಕೆಂದು ಹೆಬ್ಬಾತುಗಳನ್ನು ಅಟ್ಟಿ ಹಿಡಿಯುವ ಗಲಾಟೆ ನಡೆದಿತ್ತು, ಅವನು ಮಾತ್ರ ಒಂದು ಮೂಗಿಗಾಗಿ ತಡಕಾಡುತ್ತಿದ್ದ. ಅದು ತನ್ನ ಮನೆತನದ ಕೊಕ್ಕು ಮೂಗೋ, ಹೆಂಡತಿ ಯುಟ್ಟಾಳ ತವರಿನ ಮೊಂಡು ಮೂಗೋ? ಸತ್ತು ಎಷ್ಟೋ ವರ್ಷವಾದ ಬೇಟೆನಾಯಿಗಳ ಕಿವಿಯ ಬಣ್ಣವನ್ನು ಕೂಡ ಅವನು ಕಣ್ಣುಮುಚ್ಚಿ ಹೇಳಬಲ್ಲ. ಹೆಂಡತಿಯನ್ನು ಕೇಳಬಹುದಿತ್ತು. ಆದರೆ ನಮ್ಮ ಮಗನ ಮೂಗು ಯಾವ ಥರದ್ದು ಎಂದು ಹೆತ್ತವಳ ಹತ್ತಿರ ಕೇಳುವುದು ಹೇಗೆ, ಅದೂ ಮಗ ಇವತ್ತೇ ಬರುತ್ತಿರುವಾಗ? ಅಲ್ಲದೆ ಯುಟ್ಟಾ ಅವನ ಜೊತೆ ಅಡುಗೆ, ಕಟ್ಟಿಗೆ ಮತ್ತು ದೇವರು ಈ ಮೂರನ್ನು ಬಿಟ್ಟು ಬೇರೆ ಯಾವ ವಿಷಯವನ್ನೂ ಮಾತಾಡದೆ ಎಷ್ಟೋ ಕಾಲವಾಗಿತ್ತು. ಹಿರಿಮಗ ಲಾಂಬರ್ಟ್ ಈ ಸುಗ್ಗಿಯಲ್ಲಿ ಕಾಡುಹಂದಿಯ ಹಿಂದೆ ಓಡಿ, ನೆನೆದು ಬಂದು, ಕೆಮ್ಮಿ ಕೆಮ್ಮಿ ಸತ್ತ. ಎರ್ಲೆನ್‌ಬರ್ಗಿನ ಗದ್ದುಗೆಗೆ ವಾರಸುದಾರ ಬೇಕಾಯಿತು. ಆಗ ಡ್ಯೂಕನಿಗೆ ತನಗೆ ಇನ್ನೊಬ್ಬ ಮಗ ಇದ್ದಾನೆಂಬುದು ಜ್ಞಾಪಕಕ್ಕೆ ಬಂತು. ಪುತ್ರವಾತ್ಸಲ್ಯವೆಂದರೆ ಅದು.

ಮುಖ ಮರೆತಿದ್ದರೂ ಆ ಮಗನ ಬಗ್ಗೆ ತಾನು ಆಡಿದ ಮಾತನ್ನು ಅವನು ಮರೆತಿರಲಿಲ್ಲ. ಮರೆಯಲು ನಾಡು ಬಿಟ್ಟರೆ ತಾನೆ? ಕದನವಿರಾಮಕ್ಕೆ ಒತ್ತೆಯಾಗಿ ಚಿಕ್ಕ ಥೀಮೊನನ್ನು ಪಕ್ಕದ ಕೌಂಟ್ ಹಾರ್ಟ್‌ವಿಗನ ಕೈಗೆ ಒಪ್ಪಿಸಿದ್ದ. ಒಪ್ಪಿಸಿದ ಮುಂದಿನ ವಸಂತದಲ್ಲೇ ಒಪ್ಪಂದ ಮುರಿದು ಅದೇ ಕೌಂಟನ ಕ್ರೋನೆಕ್ ಕೋಟೆಗೆ ಮುತ್ತಿಗೆ ಹಾಕಿದ. ಆಗ ಹಾರ್ಟ್‌ವಿಗ್ ಹುಡುಗನನ್ನು ಕೋಟೆಗೋಡೆಯ ಮೇಲೆ ತಂದು ನಿಲ್ಲಿಸಿ, ಕುತ್ತಿಗೆಗೆ ಹಗ್ಗ ತೊಡಿಸಿ, ಹಿಂದಕ್ಕೆ ಹೋಗು, ಇಲ್ಲದಿದ್ದರೆ ಇವನನ್ನು ನೇತುಹಾಕುತ್ತೇನೆ ಎಂದು ಕೂಗಿದ. ಕೆಳಗೆ ಕುದುರೆಯ ಮೇಲೆ ಕೂತಿದ್ದ ಓಟ್ಮಾರ್ ತಲೆಯೆತ್ತಿ ಹೇಳಿದ್ದು ಇಷ್ಟು: "ನೇತುಹಾಕಯ್ಯಾ. ಬೂಟು ಮಾತ್ರ ಮೊದಲೇ ಬಿಚ್ಚಿಟ್ಟುಕೋ, ಹೊಸದು." ಸೈನ್ಯಕ್ಕೆ ಸೈನ್ಯವೇ ನಕ್ಕಿತು. ಹಾರ್ಟ್‌ವಿಗ್ ಹುಡುಗನ ಕುತ್ತಿಗೆಯಿಂದ ಹಗ್ಗ ತೆಗೆದು, ಕೈಹಿಡಿದು ಒಳಗೆ ಕರೆದುಕೊಂಡು ಹೋದ. ಡ್ಯೂಕನ ಎದೆಗಾರಿಕೆಗೆ ಕೌಂಟ್ ಬೆದರಿದ ಎಂದು ಎಲ್ಲರೂ ಅಂದರು. ಪಾಳೆಯದಲ್ಲಿ ಭೇದಿ ಹತ್ತಿಕೊಂಡು ಆ ವಾರವೇ ಮುತ್ತಿಗೆ ಎತ್ತಬೇಕಾಗಿ ಬಂದದ್ದನ್ನು ಯಾರೂ ಅನ್ನಲಿಲ್ಲ. ಭೇದಿಯ ಮೇಲೆ ಯಾರು ಹಾಡು ಕಟ್ಟುತ್ತಾರೆ? ಬೂಟಿನ ಮೇಲೆ ಕಟ್ಟಿದರು. ಪೇಟೆಯ ದೊಡ್ಡ ಛತ್ರಕ್ಕೆ 'ಹೊಸ ಬೂಟು' ಎಂಬ ಹೆಸರು ಬಂತು. ಚಮ್ಮಾರರ ಸಂಘದವರು ವರ್ಷ ವರ್ಷ ಮೆರವಣಿಗೆಯಲ್ಲಿ ಬಂದು ಡ್ಯೂಕನಿಗೆ ಒಂದು ಜೊತೆ ಮಕ್ಕಳ ಬೂಟು ಕಾಣಿಕೆ ಕೊಟ್ಟು ಹೋಗತೊಡಗಿದರು. ಅವನ್ನು ಊಟದ ಹಜಾರದ ಗೋಡೆಯ ಮೇಲೆ, ಜಿಂಕೆಯ ಕೊಂಬುಗಳ ನಡುವೆ ಸಾಲಾಗಿ ನೇತುಹಾಕಲಾಗಿತ್ತು. ಯುಟ್ಟಾ ದಿನಾ ಅವುಗಳಿಗೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದಳು.

ಆ ಮಾತು ತನ್ನ ಬಾಯಿಗೆ ಹೇಗೆ ಬಂತೆಂಬುದು ಓಟ್ಮಾರನಿಗೇ ತಿಳಿಯದು. ಹಗ್ಗ ಕಂಡಾಗ ಬೇಡ ಬೇಡ ಎಂಬ ಒಂದೇ ಶಬ್ದ ಗಂಟಲಿನವರೆಗೆ ಬಂದು, ಹಿಂದೆ ಗುಂಜೆಲ್ ಮತ್ತು ಉಳಿದ ಸರದಾರರು ಕಿವಿ ನಿಮಿರಿಸಿಕೊಂಡಿರುವುದು ಬೆನ್ನಿಗೆ ತಿಳಿದು, ಬಾಯಿ ತೆರೆದಾಗ ಹೊರಗೆ ಬಿದ್ದದ್ದು ಬೂಟು. ನಗು ಎದ್ದ ಕೂಡಲೇ ಅವನಿಗೆ ಹಾಯೆನಿಸಿತು, ನಾಚಿಕೆಗೇಡಿನ ವಿಷಯವೆಂದರೆ ಅದೇ. ತಂದೆ ಬದುಕಿದ್ದಾಗ ಊಟದ ಮೇಜಿನಲ್ಲಿ ಇವನು ಏನು ಹೇಳಿದರೂ ಯಾರೂ ನಗುತ್ತಿರಲಿಲ್ಲ, ಮುದುಕ ಚಮಚದಿಂದ ಮೇಜು ಕುಟ್ಟಿ "ಮುಂದೆ" ಎನ್ನುತ್ತಿದ್ದ. ಅಂಥ ಓಟ್ಮಾರನ ಒಂದು ಮಾತಿಗೆ ಈಗ ಕೋಟೆಯ ಕೆಳಗೆ ಅಷ್ಟು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಲಿನಿಂದ ಹುಡುಗ ನೋಡುತ್ತಿದ್ದನೇ? ಇರಬೇಕು. ಮುಖವಿದ್ದ ಜಾಗದಲ್ಲಿ ಈಗ ಏನೂ ಇಲ್ಲ, ಕೆಳಗಿನಿಂದ ಕಂಡ ಎರಡು ಬೂಟಿನ ತುದಿ ಮಾತ್ರ ಉಳಿದಿವೆ.

ಥೀಮೊ ಬಂದಾಗ ಹೊತ್ತು ಇನ್ನೂ ಏರುತ್ತಿತ್ತು. ನಾಲ್ಕಾರು ಜನ ಸವಾರರ ನಡುವೆ ಎತ್ತರದ ಯುವಕನೊಬ್ಬ ಬಾಗಿಲು ದಾಟಿ, ಕೆಸರೆಂದೂ ನೋಡದೆ ಇಳಿದು ನೇರವಾಗಿ ತಾಯಿಯ ಹತ್ತಿರ ಹೋದ. ಯುಟ್ಟಾ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬ್ರೆಡ್ಡು ಬೆಂದಿದೆಯೋ ಇಲ್ಲವೋ ನೋಡುವವಳ ಹಾಗೆ ಒತ್ತಿ ಒತ್ತಿ ನೋಡಿದಳು. ಮೂಗು ಮೊಂಡಾಗಿತ್ತು. ಓಟ್ಮಾರನಿಗೆ ಯಾಕೋ ಹಗುರೆನಿಸಿತು. ಆಮೇಲೆ ಹುಡುಗ ಅವನ ಮುಂದೆ ಬಂದು ಮಂಡಿಯೂರಿ, ಕೈಗೆ ಮುತ್ತಿಟ್ಟು, ತಗ್ಗಿದ ದನಿಯಲ್ಲಿ ಹೇಳಿದ:

"ಅಪ್ಪಾ, ಆವತ್ತು ನೀವು ನನಗೋಸ್ಕರ ಕೆಸರಲ್ಲಿ ಮಂಡಿಯೂರಿ ಬೇಡ್ಕೊಂಡ್ರಲ್ಲ, ಅದನ್ನೆಲ್ಲಾ ಕೌಂಟ್ ಹೇಳಿದಾರೆ. ಅವರು ಅದನ್ನ ಹೇಳದೇ ಇದ್ದಿದ್ರೆ ನಾನು ಆ ಮನೇಲಿ ಬೆಳೀತಿರಲಿಲ್ಲ."

ಬೈದಿದ್ದರೆ ಡ್ಯೂಕನ ಬಳಿ ಉತ್ತರವಿತ್ತು. ಕತ್ತಿ ಹಿರಿದಿದ್ದರೆ ಇನ್ನೂ ಸಲೀಸು, ಪಕ್ಕದಲ್ಲಿ ಕಾವಲಿನವರಿದ್ದರು. ರಾಜ್ಯಕ್ಕೆ ಪ್ರಜೆಗಳು, ಪ್ರಜೆಗಳಿಗೆ ತಂದೆ, ತಂದೆಗೆ ಧರ್ಮಸಂಕಟ ಎಂದು ಪಾದ್ರಿಯಿಂದ ಒಂದು ಭಾಷಣವನ್ನೂ ಬರೆಸಿ ಬಾಯಿಪಾಠ ಮಾಡಿಕೊಂಡಿದ್ದ. ಕೃತಜ್ಞತೆಗೆ ಮಾತ್ರ ಅವನು ತಯಾರಾಗಿರಲಿಲ್ಲ. "ಹೂಂ, ಹೂಂ, ದಾರಿ ಹೇಗಿತ್ತು?" ಎಂದ.

ಹುಡುಗ ಮುಖ ತೊಳೆಯಲು ಹೋದದ್ದೇ ತಡ, ಡ್ಯೂಕ್ ಗುಂಜೆಲನನ್ನು ಹಜಾರದ ಮೂಲೆಗೆ ಎಳೆದುಕೊಂಡು ಹೋದ. ಗುಂಜೆಲ್ ಹಳೇ ಸರದಾರ, ಈಗ ಅರಮನೆಯ ಉಸ್ತುವಾರಿ. ಕ್ರೋನೆಕ್ ಕೆಳಗೆ ಎಲ್ಲರಿಗಿಂತ ಮೊದಲು ನಕ್ಕವನು ತಾನೇ ಎಂದು ಕುಡಿದಾಗಲೆಲ್ಲ ಹೇಳಿಕೊಳ್ಳುತ್ತಿದ್ದವನು.

"ಆ ಬೂಟುಗಳನ್ನ ಇಳಿಸು."

"ಯಾವ ಬೂಟು ಪ್ರಭು?"

"ಗೋಡೆ ಮೇಲಿರೋವು. ಎಲ್ಲಾ. ಊಟದೊಳಗೆ."

"ಇಳಿಸಬೌದು. ಗೋಡೇಲಿ ಕಲೆ ಉಳೀತದೆ, ಒಂದೊಂದೂ ಬೂಟಿನ ಆಕಾರದಲ್ಲೇ."

"ಕಂಬಳಿ ಹಾಕಿ ಮುಚ್ಚು. ಇವತ್ತು ಊಟಕ್ಕೆ ಕೂತೋರ ಬಾಯಲ್ಲಿ ಆ ಮಾತು ಬರಕೂಡದು. ಹಾಡೋನನ್ನ ಮನೆಗೆ ಕಳ್ಸು."

ಗುಂಜೆಲ್ ಗಡ್ಡ ಕೆರೆದುಕೊಂಡ. "ಹಾಡೋನನ್ನ ಕಳಿಸಬೌದು. ಛತ್ರದ ಬೋರ್ಡು? ಚಿಕ್ಕ ಪ್ರಭುಗಳು ಅದರ ಕೆಳಗೇ ಬಂದಿದಾರೆ."

"ಬೂಟು ಅಂದ್ರೆ ಬೂಟು ಅಷ್ಟೆ. ಊರಲ್ಲಿ ಚಮ್ಮಾರರಿಲ್ವೇನಯ್ಯಾ."

"ಅದೂ ಸರಿ. ದೊಡ್ಡಮ್ಮನೋರನ್ನ ಏನು ಮಾಡೋಣ?"

ದೊಡ್ಡಮ್ಮ ಎಂದರೆ ಡ್ಯೂಕನ ತಾಯಿ ಗಿಸೆಲಾ. ಮುದುಕಿಗೆ ಎಲ್ಲ ಮರೆತುಹೋಗಿತ್ತು. ಗಂಡನ ಹೆಸರು, ಬೆಳಿಗ್ಗೆ ತಿಂದ ಗಂಜಿ, ಲಾಂಬರ್ಟ್ ಸತ್ತದ್ದು, ಯಾವುದೂ ನೆನಪಿರಲಿಲ್ಲ. ಬೂಟಿನ ಮಾತೊಂದು ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು, ಊಟಕ್ಕೆ ಕೂತಾಗಲೆಲ್ಲ ಅದನ್ನು ಒಮ್ಮೆ ಹೇಳಿ ನಕ್ಕು ಆಮೇಲೆಯೇ ಬಾಯಿಗೆ ತುತ್ತು ಹಾಕುವುದು. ತನ್ನ ಮಗನ ಮಾತಿಗೆ ಜನ ನಕ್ಕ ದಿನವೊಂದನ್ನು ದೇವರು ಅವಳಿಗೂ ಕೊಟ್ಟಿದ್ದ. ಕೋಣೆಯಲ್ಲೇ ಊಟ ಮಾಡಿಸಿ ಎಂದರೆ, ಮೊಮ್ಮಗ ಬಂದಿದ್ದಾನೆ, ಅವನ ಪಕ್ಕದಲ್ಲೇ ಕೂರುತ್ತೇನೆ ಎಂದು ಹಟ ಹಿಡಿದಿದ್ದಳು, ಯಾವ ಮೊಮ್ಮಗ ಎಂಬುದು ಗೊತ್ತಿರಲಿಲ್ಲ. "ಪಕ್ಕದಲ್ಲಿ ನೀನು ಕೂತ್ಕೋ," ಎಂದ ಡ್ಯೂಕ್ ಗುಂಜೆಲನಿಗೆ, "ಬಾಯಿ ಬಿಟ್ಟಾಗೆಲ್ಲಾ ಏನಾದ್ರೂ ತಿನ್ನಿಸ್ತಾ ಇರು." ಇಷ್ಟು ವರ್ಷ ತನ್ನ ಪರಾಕ್ರಮವೆಂದು ಒರೆಸಿ, ತೊಳೆದು, ಗೋಡೆಗೆ ತೂಗಿಟ್ಟದ್ದನ್ನೆಲ್ಲ ಈಗ ಕಳ್ಳಮಾಲಿನ ಹಾಗೆ ಮೂಟೆ ಕಟ್ಟಿ ಕಟ್ಟಿಗೆಮನೆಗೆ ಸಾಗಿಸುತ್ತಿರುವುದನ್ನು ಅವನು ನಿಂತು ನೋಡಿದ. ಬೂಟು ತುಂಬಿದ ಗೋಣಿಚೀಲ ಬಾಗಿಲ ಹತ್ತಿರ ಯುಟ್ಟಾಳಿಗೆ ಎದುರಾಯಿತು. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಇದೇನು ಎಂದು ಕೇಳಿದ್ದರೆ ಚೆನ್ನಾಗಿತ್ತು.

ಊಟಕ್ಕೆ ಹಜಾರ ತುಂಬಿತ್ತು. ಎಲ್ಲರಿಗೂ ಸುದ್ದಿ ಮುಟ್ಟಿತ್ತೆಂಬುದು ಅವರ ಶಿಸ್ತಿನಿಂದಲೇ ಗೊತ್ತಾಗುತ್ತಿತ್ತು. ಎರ್ಲೆನ್‌ಬರ್ಗಿನ ಸರದಾರರು ಅಷ್ಟು ಮರ್ಯಾದೆಯಿಂದ ಬಾತು ತಿಂದದ್ದನ್ನು ಯಾರೂ ಕಂಡಿರಲಿಲ್ಲ. ಮಾತು ಹವೆಯ ಕಡೆ ತಿರುಗಿ, ಕೆಸರಿಗೆ ಬಂದು, ಕೆಸರಿನಿಂದ ಕಾಲಿಗೆ ಇಳಿದು, ಕಾಲಿನಿಂದ ಮುಂದೆ ಹೋಗಲು ಹೆದರಿ ನಿಂತಿತು. ಗೋಡೆಯ ಕಂಬಳಿಯನ್ನು ಯಾರೂ ನೋಡಬಾರದೆಂದು ಎಲ್ಲರೂ ಅದನ್ನೇ ನೋಡುತ್ತಿದ್ದರು. ಥೀಮೊ ಮಾತ್ರ ಹಿಗ್ಗಿನಿಂದಿದ್ದ. ತಾಯಿಗೆ ಮಾಂಸ ಕೊಯ್ದು ಕೊಟ್ಟ, ಅಜ್ಜಿಯ ಗಲ್ಲ ಒರೆಸಿದ. ಅವನ ನಡವಳಿಕೆಯಲ್ಲಿ ಒಂದು ಹದವಿತ್ತು, ಅದನ್ನು ಕಲಿಸಿದವನು ಹಾರ್ಟ್‌ವಿಗ್ ಎಂಬುದು ಓಟ್ಮಾರನ ಗಂಟಲಿನಲ್ಲಿ ಬಾತಿನ ಮೂಳೆಯಂತೆ ಚುಚ್ಚುತ್ತಿತ್ತು. ತಾನು ಲಾಂಬರ್ಟನಿಗೆ ಏನು ಕಲಿಸಿದ್ದೆ? ಹಂದಿಯ ಹಿಂದೆ ಓಡುವುದನ್ನು.

"ಲೋ ಓಟ್ಮಾರ್," ಎಂದಳು ಮುದುಕಿ ಇದ್ದಕ್ಕಿದ್ದಂತೆ, ಹಜಾರಕ್ಕೆಲ್ಲ ಕೇಳುವ ಹಾಗೆ. "ಆವತ್ತು ನೀನು ಆ ಕೌಂಟನಿಗೆ ಏನಂದೆ ಹೇಳೋ. ಬೂ..."

ಗುಂಜೆಲ್ ಅವಳ ಬಾಯಿಗೆ ಬಾತಿನ ತುಂಡೊಂದನ್ನು ಇಟ್ಟ. ಮುದುಕಿ ಸಿಟ್ಟಿನಿಂದ ಅಗಿಯತೊಡಗಿದಳು. ಹಲ್ಲಿಲ್ಲದ್ದರಿಂದ ಬಹಳ ಹೊತ್ತು ಹಿಡಿಯುತ್ತದೆಂದು ಡ್ಯೂಕ್ ದೇವರನ್ನು ನೆನೆದ.

ಥೀಮೊ ಬಟ್ಟಲು ಹಿಡಿದು ಎದ್ದು ನಿಂತ. "ಅಜ್ಜಿ ಕೇಳ್ತಿರೋದನ್ನ ನಾನೇ ಹೇಳ್ತೀನಿ," ಎಂದ. "ಇಲ್ಲಿ ಎಲ್ಲರಿಗೂ ಗೊತ್ತಿರೋದೇ, ಆದ್ರೂ ನನ್ನ ಬಾಯಿಂದ ಒಂದ್ಸಲ ಆಗ್ಲಿ. ನನ್ನ ಕುತ್ತಿಗೇಲಿ ಹಗ್ಗ ನೋಡಿ ಅಪ್ಪ ಕುದುರೆಯಿಂದ ಇಳಿದ್ರು. ತಲೆ ಮೇಲಿನ ಕಬ್ಬಿಣದ ಟೋಪಿ ತೆಗೆದು ಕೆಸರಲ್ಲಿ ಇಟ್ರು. ಇಷ್ಟು ಜನ ಸರದಾರರ ಮುಂದೆ ಮಂಡಿಯೂರಿ, ಹುಡುಗನ್ನ ಬಿಟ್ಬಿಡು ಹಾರ್ಟ್‌ವಿಗ್, ಬೇಕಾದ್ರೆ ಡ್ಯೂಕ್ ಪದವಿನೇ ತಗೋ ಅಂತ ಅತ್ರು. ಕೌಂಟ್ ಹೇಳೋರು, ಅಂಥ ತಂದೆಯ ಮಗನ್ನ ಕೊಂದ್ರೆ ನನಗೆ ನರಕದಲ್ಲೂ ಜಾಗ ಸಿಗಲ್ಲ ಅಂತ. ನನ್ನ ಜೀವ ಉಳಿದಿದ್ದು ಅದರಿಂದ. ಅಲ್ವಾ, ನೀವೆಲ್ಲಾ ಅಲ್ಲೇ ಇದ್ರಲ್ಲ?"

ಮುದುಕಿ ಅಗಿಯುತ್ತಲೇ ಇದ್ದಳು, ಥೀಮೊ ಬಟ್ಟಲು ಹಿಡಿದು ನಿಂತೇ ಇದ್ದ. ಡ್ಯೂಕ್ ತನ್ನ ತಟ್ಟೆ ನೋಡಿದ. ಈಗ ಎದ್ದು ನಿಲ್ಲಬಹುದು ಎಂದು ಅನಿಸಿತು. ಎದ್ದು ನಿಂತು ಒಂದೇ ಮಾತು. ಆ ಮಾತು ಕ್ರೋನೆಕ್ ಕೆಳಗೆ ಬಂದ ಹಾಗೆಯೇ ಗಂಟಲಿನವರೆಗೆ ಬಂತು, ಅಲ್ಲಿಯೇ ನಿಂತಿತು. ಅಷ್ಟರಲ್ಲಿ ಯುಟ್ಟಾಳ ದನಿ ಕೇಳಿಸಿತು. ಅಡುಗೆಯೂ ಕಟ್ಟಿಗೆಯೂ ದೇವರೂ ಅಲ್ಲದ ವಿಷಯದಲ್ಲಿ ಆ ದನಿ ಕೇಳಿ ಎಷ್ಟು ವರ್ಷವಾಗಿತ್ತೋ.

"ನಾನಲ್ಲಿರಲಿಲ್ಲಪ್ಪ," ಎಂದಳು ಮಗನಿಗೆ. ನೋಡಿದ್ದು ಮಾತ್ರ ಗಂಡನನ್ನು. "ಆದ್ರೆ ವಾಪಸ್ ಬಂದಾಗ ಇವರ ಬಟ್ಟೆ ಒಗೆಸಿದ್ದು ನಾನೇ. ಮಂಡಿ ಹತ್ರ ಕೆಸರು ಎಷ್ಟು ಉಜ್ಜಿದ್ರೂ ಹೋಗಲಿಲ್ಲ."

ಅವಳು ದಾರಿ ತೋರಿಸಿದಳು, ಉಳಿದವರು ನುಗ್ಗಿದರು. "ಎತ್ತಿ ನಿಲ್ಲಿಸೋಕೆ ನಾವು ಮೂರು ಜನ ಬೇಕಾಯ್ತು," ಎಂದ ಗುಂಜೆಲ್. ದಪ್ಪ ಕತ್ತಿನ ಸರದಾರನೊಬ್ಬ, ಪ್ರಭುಗಳು ಅತ್ತದ್ದು ಹೇಗೆಂದರೆ ಕರು ಕಳಕೊಂಡ ಹಸುವಿನ ಹಾಗೆ ಎಂದ. ಹಸುವಲ್ಲ, ಮೂಗು ಸೋರುತ್ತಿತ್ತು, ನಾನೇ ನನ್ನ ತೋಳಿನಿಂದ ಒರೆಸಿದೆ ಎಂದ ಇನ್ನೊಬ್ಬ. ಪಾದ್ರಿಗಳು ಕಣ್ಣೀರಿನ ಮಹಿಮೆಯ ಬಗ್ಗೆ ಲ್ಯಾಟಿನ್ನಿನಲ್ಲಿ ಏನೋ ಹೇಳಿ ತಾವೂ ಕಣ್ಣು ಒರೆಸಿಕೊಂಡರು, ಅವರು ಎರ್ಲೆನ್‌ಬರ್ಗಿಗೆ ಬಂದದ್ದೇ ಮುತ್ತಿಗೆ ಮುಗಿದ ಮೇಲೆ. ಇಷ್ಟು ವರ್ಷ ಅದೇ ಬೂಟಿನ ಮಾತಿಗೆ ಊಟ ಊಟಕ್ಕೂ ನಗಬೇಕಾಗಿ ಬಂದ ಬೇಸರವನ್ನೆಲ್ಲ ಅವರು ಇವತ್ತು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಿದ್ದರು. ಅವರ ಮಾತಿನಲ್ಲಿ ಡ್ಯೂಕ್ ಹಣೆ ಚಚ್ಚಿಕೊಂಡ, ಹುಲ್ಲು ಕಿತ್ತ, ಹಾರ್ಟ್‌ವಿಗನನ್ನು ಅಣ್ಣಾ ಎಂದು ಕರೆದ. ಪ್ರತಿಯೊಂದಕ್ಕೂ ಥೀಮೊ ತಂದೆಯ ಕಡೆ ತಿರುಗುತ್ತಿದ್ದ, ಪ್ರತಿಯೊಂದಕ್ಕೂ ಓಟ್ಮಾರ್ ತಲೆಯಾಡಿಸಬೇಕಾಗುತ್ತಿತ್ತು. ವಿಚಿತ್ರವೆಂದರೆ, ಕೇಳುತ್ತ ಕೇಳುತ್ತ ಅವನಿಗೆ ಆ ಇನ್ನೊಬ್ಬ ಓಟ್ಮಾರ್ ಕಾಣತೊಡಗಿದ. ಟೋಪಿಯಿಲ್ಲದ ಬೋಳುತಲೆ, ಸೋರುವ ಮೂಗು. ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಆ ಮನುಷ್ಯನಿಗೆ ಗೋಡೆಯ ಮೇಲಿನ ಹುಡುಗನ ಮುಖ ಚೆನ್ನಾಗಿ ನೆನಪಿದ್ದಿರಬೇಕು.

"ಯಾರದಿದು ಕಥೆ?" ಎಂದಳು ಮುದುಕಿ, ತುಂಡು ನುಂಗಿ.

"ನಿಮ್ಮ ಮಗಂದೇ ದೊಡ್ಡಮ್ಮಾ," ಎಂದ ಗುಂಜೆಲ್.

"ನನ್ನ ಮಗ ಹಂಗೆ ಮಾಡೋನಲ್ಲ," ಎಂದಳು ಗಿಸೆಲಾ. "ಅಷ್ಟು ಒಳ್ಳೇವನಲ್ಲ ಅವನು." ಗುಂಜೆಲ್ ಎರಡನೇ ತುಂಡನ್ನು ಇಡುವುದು ತಡವಾಗಿತ್ತು. ಎಲ್ಲರೂ ಮುದುಕಿಯ ಮರೆವಿಗೆ ಮರುಗಿ ತಲೆಯಾಡಿಸಿದರು.

ಊಟವಾದ ಮೇಲೆ ಥೀಮೊ ಕುದುರೆಲಾಯ ನೋಡಬೇಕೆಂದ. ತಂದೆ ಮಗ ಇಬ್ಬರೇ ಅಂಗಳ ದಾಟಿ ಹೋದರು. ಇಳಿಬಿಸಿಲಿತ್ತು, ಕೊಟ್ಟಿಗೆಯ ಹುಲ್ಲಿನಿಂದ ಹಬೆ ಏಳುತ್ತಿತ್ತು. ಬಾಗಿಲ ಹತ್ತಿರ ಹುಡುಗ ನಿಂತ. ಊಟದ ಮನೆಯ ಹಿಗ್ಗು ಅವನ ಮುಖದಲ್ಲಿ ಇರಲಿಲ್ಲ, ಬಟ್ಟಲಿನ ಜೊತೆಗೆ ಅದನ್ನೂ ಮೇಜಿನ ಮೇಲೆ ಇಟ್ಟು ಬಂದಂತಿತ್ತು.

"ಆ ಬೂಟು ಹೊಸದಾಗಿರಲಿಲ್ಲ ಅಪ್ಪ," ಎಂದ. "ಅಣ್ಣಂದು. ಅವನಿಗೆ ಚಿಕ್ಕದಾಯ್ತು ಅಂತ ನನಗೆ ಹಾಕಿದ್ರು."

ಲಾಯದೊಳಗೆ ಕುದುರೆಯೊಂದು ಕಾಲು ಬದಲಿಸಿತು. ಡ್ಯೂಕನ ತಲೆಯಲ್ಲಿ ಲಾಂಬರ್ಟನ ಬೂಟು, ಅದರ ಬದಿಯಲ್ಲಿ ನಾಯಿಮರಿ ಕಚ್ಚಿದ ಗುರುತು, ಇಷ್ಟು ಸ್ಪಷ್ಟವಾಗಿ ಎದ್ದು ನಿಂತವು.

"ಆವತ್ತು ನಾನಂದಿದ್ದು ನಿನಗೆ ಕೇಳಿಸ್ತಾ?" ಎಂದ.

"ನನಗೆ ಕಿವಿ ಚೆನ್ನಾಗೇ ಇದೆ. ಆವತ್ತು ರಾತ್ರಿ ಅಳ್ತಾ ಇದ್ದೆ ಅಂತ ಕೌಂಟ್ ಬಂದು ಈ ಕಥೆ ಹೇಳಿದ್ರು. ನಿನಗೆ ತಪ್ಪಾಗಿ ಕೇಳಿಸಿದೆ ಮಗಾ, ನಿಮ್ಮಪ್ಪ ಹಿಂಗೆ ಅಂದ್ರು, ಹಿಂಗೆ ಅತ್ರು ಅಂತ. ಸುಳ್ಳು ಅಂತ ನನಗೂ ಗೊತ್ತಿತ್ತು, ನನಗೆ ಗೊತ್ತಿದೆ ಅಂತ ಅವರಿಗೂ ಗೊತ್ತಿತ್ತು. ಆದ್ರೂ ಹೇಳು ಅಂತ ಪೀಡಿಸ್ತಿದ್ದೆ. ದಿನಕ್ಕೊಂದು ಹೊಸದು ಸೇರಿಸೋರು. ಪಾಪ, ಟೋಪಿ ಕೆಸರಲ್ಲಿಟ್ಟಿದ್ದು ಅವರ ಕೈವಾಡ."

"ಮತ್ತೆ ಇವತ್ತು ಎಲ್ಲರ ಮುಂದೆ... ನನ್ನ ಮರ್ಯಾದೆ ತೆಗೆಯೋಕಾ?"

"ಅಲ್ಲ," ಎಂದ ಥೀಮೊ. "ನೀವು ಎದ್ದು ನಿಂತು, ಹಾಗಲ್ಲ ಮಗನೇ, ನಾನು ಅಂದಿದ್ದು ಬೇರೆ ಅಂತೀರೇನೋ ಅಂತ ಕಾದೆ. ಎಷ್ಟು ಹೊತ್ತು ಎಳೆದೆ ನೋಡಿದ್ರಲ್ಲ."

"ಅಷ್ಟು ಅಂದಿದ್ರೆ ಸಾಕಿತ್ತಾ?"

"ಸಾಕಿತ್ತು."

ಹುಡುಗನ ದನಿಯಲ್ಲಿ ಸಿಟ್ಟಿರಲಿಲ್ಲ, ಹವೆಯ ಬಗ್ಗೆ ಹೇಳಿದಂತಿತ್ತು. ಓಟ್ಮಾರನಿಗೆ ಅದು ತಡೆಯದಾಯಿತು. ಪಾದ್ರಿಯ ಭಾಷಣ ಇನ್ನೂ ಬಾಯಲ್ಲಿತ್ತು, ರಾಜ್ಯ, ಪ್ರಜೆ, ಧರ್ಮಸಂಕಟ. ತಮಾಷೆಯ ಮಾತೊಂದೂ ನಾಲಿಗೆಯ ತುದಿಯಲ್ಲಿ ಬಂದು ಕುಣಿಯುತ್ತಿತ್ತು, ಕೊನೆಗಾಲದವರೆಗೂ ಅದು ಬಿಡುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಎರಡನ್ನೂ ನುಂಗಿದ. ಆಮೇಲೆ ಏನು ಮಾಡುತ್ತಿದ್ದೇನೆಂಬುದು ಪೂರಾ ತಿಳಿಯದೆಯೇ, ಬಾಗಿಲ ಕಂಬವನ್ನು ಹಿಡಿದು, ಒಂದು ಕಾಲು ಮಡಿಸಿ, ಇನ್ನೊಂದನ್ನೂ ಮಡಿಸಿ, ಲಾಯದ ಮುಂದಿನ ಲದ್ದಿ ಬೆರೆತ ಕೆಸರಿನಲ್ಲಿ ಮಂಡಿಯೂರಿದ. ತಣ್ಣನೆಯದು ಬಟ್ಟೆ ದಾಟಿ ಚರ್ಮಕ್ಕೆ ತಾಗಿತು. ತಲೆಯೆತ್ತಿದರೆ ಮಗನ ಮುಖ ಎತ್ತರದಲ್ಲಿತ್ತು. ಆವತ್ತೂ ಅಷ್ಟೇ ಎತ್ತರದಲ್ಲಿತ್ತು. ಮೊಂಡು ಮೂಗು, ಎಡಗಡೆ ಸ್ವಲ್ಪ ಮೇಲಕ್ಕೆ ಹೋದ ಹುಬ್ಬು, ಭಯದಿಂದ ತೆರೆದೇ ಉಳಿದ ಬಾಯಿ. ಎಲ್ಲ ನೆನಪಾಯಿತು. "ಥೀಮೊ," ಎಂದ.

ಅಷ್ಟರಲ್ಲಿ ಅಂಗಳದಾಚೆಯಿಂದ ಲಾಯದ ಆಳುಗಳಿಬ್ಬರು ಕೂಗುತ್ತ ಓಡಿ ಬಂದರು.

"ಪ್ರಭುಗಳು ಜಾರಿಬಿದ್ರು ಕಣೋ, ಹಿಡ್ಕೋ, ಆ ಕಡೆ ತೋಳು ಹಿಡ್ಕೋ."

"ಬಿಡ್ರೋ," ಎಂದ ಡ್ಯೂಕ್. "ನಾನು ಜಾರಲಿಲ್ಲ."

"ನೀವೆಲ್ಲಿ ಜಾರ್ತೀರಿ ಪ್ರಭು. ನೆಲಾನೇ ಜಾರಿದ್ದು," ಎಂದ ದೊಡ್ಡವನು, ಕಂಕುಳಿಗೆ ಕೈಹಾಕಿ ಎತ್ತುತ್ತ. ಅವನ ಮೂಗಿಗೆ ಊಟದ ವೈನಿನ ವಾಸನೆ ಬಡಿದಿರಬೇಕು, ಜೊತೆಯವನಿಗೆ ಕಣ್ಣು ಮಿಟುಕಿಸಿದ. ಡ್ಯೂಕನ ಕಾಲುಗಳು ನೆಲ ಬಿಟ್ಟು ಮೇಲೆದ್ದವು. ಅವನು ಇನ್ನೂ ಮಂಡಿ ಮಡಿಸಿಕೊಂಡೇ ಇದ್ದ, ಬಿಡಿಸಲು ಅವರಿಗೆ ಸ್ವಲ್ಪ ಕಷ್ಟವಾಯಿತು.

"ಅವರು ಜಾರಲಿಲ್ಲ," ಎಂದ ಥೀಮೊ.

ಆಳುಗಳು ಅವನ ಕಡೆ ತಿರುಗಿ ನೋಡಿದರು. ಹುಡುಗನ ಕಣ್ಣು ಕೆಂಪಾಗಿತ್ತು. ಇಬ್ಬರೂ ಬಲು ಮೆಚ್ಚಿಗೆಯಿಂದ ತಲೆಬಾಗಿದರು. ಬಂದ ದಿನವೇ ಅಪ್ಪನ ಮಾನ ಉಳಿಸಲು ಸುಳ್ಳು ಹೇಳುತ್ತಾನೆ, ಎಷ್ಟಾದರೂ ದೊಡ್ಡ ಮನೆತನದ ರಕ್ತ ಎಂದು ಸಂಜೆ ಪೇಟೆಯ ಛತ್ರದಲ್ಲಿ ಅವರು ಹೇಳಿದಾಗ, ಹೌದೌದು ಎಂದು ಎಲ್ಲರೂ ಒಪ್ಪಿದರು.